ಹದಿನೈದನೇ ಮನೆಯ ಹಾಲು

ದೊಡ್ಡಮ್ಮನ ಹಸುಗಳ ಹಾಲನ್ನು ಹೊಗಳಿ ಲ್ಯಾಬಿಗೆ ಕೊಂಡೊಯ್ದವಳು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ. ನನ್ನ ದಿನಚರಿಯಲ್ಲಿ ನವೆಂಬರ್ ಹದಿನೆಂಟರ ಪುಟ ಹೀಗಿದೆ: "ಮಂಗಳವಾರ. ಬೆಳಿಗ್ಗೆ ೫.೫೦. ಅರ್ಧ ಲೀಟರ್, ಎರಡೂ ಹಸು ಸೇರಿಸಿ. ಗಾಜಿನ ಬಾಟಲಿ, ಸುತ್ತ ಐಸ್." ಅದರ ಕೆಳಗೆ ಇನ್ನೊಂದು ಸಾಲಿದೆ, ಈಗ ಓದಿದರೆ ಮುಖ ಬಿಸಿಯಾಗುತ್ತದೆ: "ಇದಕ್ಕಿಂತ ಶುದ್ಧವಾದ ಹಾಲು ಅವರಿಗೆ ಎಲ್ಲೂ ಸಿಗುವುದಿಲ್ಲ."

ಯಶವಂತಪುರದ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಆಗ ಏಳು ತಿಂಗಳಾಗಿತ್ತು. ಮಸಾಲೆ ಪುಡಿ, ಜೇನು, ಪನೀರ್, ಹಾಲು ಎಲ್ಲವೂ ಬರುತ್ತವೆ. ಬಂದದ್ದಕ್ಕೆ ಸಂಖ್ಯೆ ಹಾಕಿ, ದಿನಾಂಕ ಬರೆದು, ಪರೀಕ್ಷೆಗೆ ಸಿದ್ಧ ಮಾಡುವುದು ನನ್ನ ಕೆಲಸ. ಹಾಲಿನಲ್ಲಿ ಕೀಟನಾಶಕ ಉಳಿದಿದೆಯೇ ಎಂದು ನೋಡುವ ಯಂತ್ರಕ್ಕೆ ಮೊದಲು ಏನೂ ಇಲ್ಲದ ಹಾಲನ್ನು ತೋರಿಸಬೇಕು. ಅದರ ಗೆರೆ ಪರದೆಯ ಮೇಲೆ ನೆಟ್ಟಗೆ ಓಡಬೇಕು. ಆಮೇಲೆ ಉಳಿದ ಹಾಲುಗಳ ಗೆರೆಯನ್ನು ಅದರ ಪಕ್ಕದಲ್ಲಿಟ್ಟು, ಎಲ್ಲಿ ಏಳುತ್ತದೆ ಎಂದು ನೋಡುತ್ತೇವೆ. ಈ ಏನೂ ಇಲ್ಲದ ಹಾಲಿಗೆ ನಾವು ಬ್ಲ್ಯಾಂಕ್ ಎನ್ನುತ್ತೇವೆ. ಆ ತಿಂಗಳು ಬ್ಲ್ಯಾಂಕ್ ಮುಗಿದಿತ್ತು. ಯಾರಿಗಾದರೂ ಗುರುತಿನವರ ಮನೆಯಲ್ಲಿ ಹಸು ಇದೆಯೇ ಎಂದು ನಮ್ಮ ಸೀನಿಯರ್ ಮೇಡಂ ಕೇಳಿದಾಗ, ಅವರ ಮಾತು ಮುಗಿಯುವ ಮೊದಲೇ ನಾನು ಕೈ ಎತ್ತಿದ್ದೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ವಿದ್ಯಾರಣ್ಯಪುರದ ಆಚೆ, ಯಲಹಂಕದ ಕಡೆ ಹೋಗುವ ಹಳೆಯ ಊರಿನ ಓಣಿಯಲ್ಲಿ ಅವಳ ಮನೆ, ಹತ್ತಿರದಲ್ಲೇ ನಮ್ಮದೂ. ಎರಡು ಪಕ್ಕದಲ್ಲೂ ಅಪಾರ್ಟ್‌ಮೆಂಟುಗಳು ಎದ್ದಿವೆ, ನಡುವೆ ಅವಳ ಕೊಟ್ಟಿಗೆ, ಮೂರು ತೆಂಗಿನ ಮರ, ಹಿಂದೆ ಒಂದು ತುಂಡು ಹುಲ್ಲಿನ ಜಾಗ. ಹಾಲು ಕೊಡುವ ಹಸು ಎರಡು, ಕಡಸು ಒಂದು. ಹಾಲು ಹೋಗುವುದು ಹದಿನಾಲ್ಕು ಮನೆಗೆ. ದೊಡ್ಡಮ್ಮ ಆ ಮನೆಗಳನ್ನು ಮೂಲೆ ಮನೆ, ನಾಯಿ ಮನೆ, ಪಾಪು ಮನೆ ಎಂದು ಗುರುತಿಸುತ್ತಾಳೆ. ನನ್ನ ದಿನಚರಿಯಲ್ಲಿ ಅವಕ್ಕೆ ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ ಇದೆ. ಪಾಪು ಮನೆ ಏಳನೆಯದು. ಮೂರನೇ ಮಹಡಿ. ಅಲ್ಲಿನ ಎರಡು ವರ್ಷದ ಹುಡುಗಿ ಪ್ಯಾಕೆಟ್ ಹಾಲನ್ನು ಮುಟ್ಟುವುದಿಲ್ಲ. ಸಂಜೆ ತಾಯಿಯ ಸೊಂಟದ ಮೇಲೆ ಕುಳಿತು ಕೊಟ್ಟಿಗೆಗೆ ಬಂದು, ತನ್ನ ಹಾಲು ಯಾವ ಹಸುವಿನದು ಎಂದು ಬೆರಳು ತೋರಿಸಿ ಹೋಗುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ದೊಡ್ಡಮ್ಮನ ಹಾಲಿನ ಗೆರೆ ಪರದೆಯ ಮೇಲೆ ಬಂತು. ನೆಟ್ಟಗೆ ಓಡಿ ಓಡಿ, ಒಂದು ಕಡೆ ಚೂಪಾಗಿ ಎದ್ದು ನಿಂತಿತು. ಬಾಟಲಿ ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದು ಮೇಡಂ ಮರುದಿನ ಹೊಸ ಬಾಟಲಿಯಲ್ಲಿ ಹೊಸ ಹಾಲು ತರಿಸಿದರು. ಅದೂ ಅದೇ ಜಾಗದಲ್ಲಿ ಎದ್ದಿತು. ಗಿಡದ ಹುಳುವಿಗೆ ಹೊಡೆಯುವ ಔಷಧಿ, ಹಾಲಿಗೆ ಇಟ್ಟಿರುವ ಮಿತಿಗಿಂತ ಮೇಲೆ. ಪಕ್ಕದ ಮೇಜಿನ ಹುಡುಗ ಇಣುಕಿ ನೋಡಿ, "ಏನ್ ಗುರು, ಅಳತೆಗೋಲನ್ನೇ ಸೊಟ್ಟದ್ದು ತಂದಿದೀಯಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

ಮೇಡಂ ನಗಲಿಲ್ಲ. ಈ ಔಷಧಿ ಹಾಲಿನ ಜಿಡ್ಡಿನ ಜೊತೆ ಸೇರಿಕೊಳ್ಳುತ್ತದೆ, ಕಾಯಿಸಿದರೆ ಹೋಗುವುದಿಲ್ಲ, ಕೆನೆ ತೆಗೆದು ತುಪ್ಪ ಕಾಯಿಸಿದರೆ ತುಪ್ಪದಲ್ಲಿ ಇನ್ನೂ ಹೆಚ್ಚು ಸಿಗುತ್ತದೆ ಎಂದು ವಿವರಿಸಿದರು. ಕುಡಿದವರಿಗೆ ಏನಾಗುತ್ತದೆ ಎಂದು ಕೇಳಿದೆ.

"ಇವತ್ತು ಕುಡಿದು ನಾಳೆ ಮಲಗೋವಂಥದ್ದೇನಲ್ಲಮ್ಮ. ಆದ್ರೆ ದಿನಾ ಕುಡಿಯೋರು ಇರ್ತಾರೆ, ಪುಟ್ಟ ಮಕ್ಕಳು ಇರ್ತಾರೆ. ಮಿತಿ ಅಂತ ಇಟ್ಟಿರೋದೇ ಅವರಿಗೋಸ್ಕರ."

ನನಗೆ ಏಳನೇ ಮನೆ ಕಣ್ಣಮುಂದೆ ಬಂತು.

ಅಂದು ಸಂಜೆ ದೊಡ್ಡಮ್ಮ ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಬಗ್ಗಿಕೊಂಡೇ ಕೇಳಿದಳು. ತನ್ನ ಹಾಲಿಗೆ ನೀರು ಬೆರೆಸಿದ್ದಾಳೆಂದು ಯಾರಾದರೂ ಅಂದಿದ್ದರೆ ಓಣಿಯೇ ನಡುಗುವಂತೆ ಜಗಳವಾಡುತ್ತಿದ್ದಳು. ಇದಕ್ಕೆ ಜಗಳವಾಡುವುದು ಯಾರೊಂದಿಗೆ ಎಂದು ಅವಳಿಗೂ ತಿಳಿಯಲಿಲ್ಲ. ಕುಡುಗೋಲು ಒರೆಸಿ ಇಟ್ಟು, ಪಾಪು ಮನೆಯ ಮಗು ದಿನಕ್ಕೆ ಎಷ್ಟು ಕುಡಿಯುತ್ತದೆ ಎಂದಷ್ಟೇ ಕೇಳಿದಳು. ಅರ್ಧ ಲೀಟರ್ ಎಂದೆ. ನಾಳೆಯಿಂದ ಯಾರಿಗೂ ಹಾಲು ಹಾಕುವುದು ಬೇಡ ಅಂದಳು. ನಾನು ಎಲ್ಲರಿಗೂ ಮೆಸೇಜ್ ಹಾಕುತ್ತೇನೆ ಎಂದದ್ದಕ್ಕೆ ಅವಳು ಒಪ್ಪಲಿಲ್ಲ.

"ಆಲು ಕೊಟ್ಟೋಳು ನಾನು. ನಾನೇ ಓಗಿ ಯೋಳ್ತೀನಿ."

ಹಾಗೆ ನವೆಂಬರ್ ಇಪ್ಪತ್ತರ ಬೆಳಿಗ್ಗೆ ನಾವಿಬ್ಬರೂ ಖಾಲಿ ಕೈಯಲ್ಲಿ ಹದಿನಾಲ್ಕು ಮನೆ ಹತ್ತಿ ಇಳಿದೆವು. ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಐದು ಮನೆಯವರು ಪರವಾಗಿಲ್ಲ, ಚೆನ್ನಾಗಿ ಕಾಯಿಸಿಕೊಳ್ಳುತ್ತೇವೆ, ಹಾಕಿ ಅಂದರು. ದೊಡ್ಡಮ್ಮ ಅವರಿಗೂ ಕೊಡುವುದಿಲ್ಲ ಎಂದಳು. ಆರು ಮನೆಯವರು ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ಪ್ಯಾಕೆಟ್ಟಿಗೆ ಹೋದರು. ಇಬ್ಬರು ಇದರ ಹಿಂದೆ ಬೇರೇನೋ ಇದೆ ಎಂಬಂತೆ ನೋಡಿದರು. ಉಳಿದದ್ದು ಏಳನೇ ಮನೆ. ಮಗುವಿನ ತಾಯಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಮಗು ಎಂಟು ತಿಂಗಳಿಂದ ಕುಡಿಯುತ್ತಿದೆಯಲ್ಲ ಎಂದರು. ನಾನು ಮೇಡಂ ಹೇಳಿದ ಮಾತನ್ನು ಹಾಗೇ ಹೇಳಿದೆ, ಕಡಿಮೆಯೂ ಮಾಡಲಿಲ್ಲ, ಹೆಚ್ಚೂ ಮಾಡಲಿಲ್ಲ. ಅವರು ದೊಡ್ಡಮ್ಮನನ್ನು ನೋಡಿ, "ಅಜ್ಜಿ, ನಿಮ್ಮ ಹಾಲು ಅಂದ್ರೆ ಕಣ್ಮುಚ್ಕೊಂಡು ಕುಡೀಬಹುದು ಅಂತ ನಾನು ಎಲ್ಲರಿಗೂ ಹೇಳ್ತಿದ್ದೆ" ಎಂದರು. ಬಾಗಿಲನ್ನು ಜೋರಾಗಿ ಹಾಕಲಿಲ್ಲ. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು.

ಲಿಫ್ಟ್ ಬೇಡವೆಂದು ದೊಡ್ಡಮ್ಮ ಮೆಟ್ಟಿಲಲ್ಲೇ ಇಳಿದಳು. ಎರಡನೇ ಮಹಡಿಯ ತಿರುವಿನಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಸಂಕ್ರಾಂತಿಗಂಟ ನೋಡಾನ. ಅಷ್ಟರಲ್ಲಿ ನಿಮ್ಮ ಮಿಷಿನ್ನು ಆಲು ಸರಿ ಐತೆ ಅಂದ್ರೆ ಸರಿ. ಇಲ್ಲಾಂದ್ರೆ ಹಸ ಮಾರ್ಬಿಡ್ತೀನಿ. ಮಗಿಗೆ ಕುಡ್ಸಕ್ಕಾಗ್ದಿರೋ ಆಲು ಕರ್ಕೊಂಡು ನಾನೇನ್ ಮಾಡ್ಲಿ?"

ಅವಳು ಹದಿನೇಳನೇ ವಯಸ್ಸಿನಿಂದ ಹಸು ಕಟ್ಟಿದವಳು. ಹಸುವಿಲ್ಲದ ಕೊಟ್ಟಿಗೆಯ ಮುಂದೆ ಅವಳು ಬೆಳಿಗ್ಗೆ ಐದಕ್ಕೆ ಎದ್ದು ಏನು ಮಾಡುತ್ತಾಳೆ ಎಂದು ಯೋಚಿಸಲು ನನ್ನಿಂದ ಆಗಲಿಲ್ಲ. ಮನೆಗೆ ಬಂದು ಸಂಕ್ರಾಂತಿಯವರೆಗೆ ಎಷ್ಟು ಮಂಗಳವಾರ ಇವೆ ಎಂದು ಎಣಿಸಿದೆ. ಎಂಟು.

ಮಂಗಳವಾರವೇ ಏಕೆಂದರೆ, ಅಂದು ಯಂತ್ರದಲ್ಲಿ ಹಾಲಿನ ಸರದಿ. ಕೊನೆಯಲ್ಲಿ ಒಂದು ಜಾಗ ಉಳಿಯುತ್ತದೆ, ಅದನ್ನು ನನ್ನ ತರಬೇತಿಗೆಂದು ದೊಡ್ಡಮ್ಮನ ಹಾಲಿಗೆ ಕೊಡಲು ಮೇಡಂ ಒಪ್ಪಿದರು. ಕರೆದ ಹಾಲೆಲ್ಲ ಅಷ್ಟು ದಿನ ತೆಂಗಿನ ಮರಗಳ ಬುಡಕ್ಕೆ ಹೋಯಿತು, ಮೂರಕ್ಕೂ ಸರದಿಯಲ್ಲಿ. ಹುಳಿ ವಾಸನೆಗೆ ಓಣಿಯ ನಾಯಿಗಳೆಲ್ಲ ಅಲ್ಲೇ ಬಿಡಾರ ಹೂಡಿದವು. ಈ ವರ್ಷ ಎಳನೀರು ಕೆನೆ ಕಟ್ಟುತ್ತದೆ ಎಂದು ದೊಡ್ಡಮ್ಮ ತಾನೇ ತಮಾಷೆ ಮಾಡುತ್ತಿದ್ದಳು. ಡೈರಿಯ ಕ್ಯಾನಿಗೆ ಸುರಿದರೆ ಊರಿನ ಹಾಲಿನ ಜೊತೆ ಸೇರಿಹೋಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದು ನಮ್ಮಮ್ಮ ಒಂದು ದಿನ ಮೆಲ್ಲಗೆ ಹೇಳಿದಳು. "ನಂಗೆ ಗೊತ್ತಾಗ್ತದಲ್ಲ" ಎಂದು ದೊಡ್ಡಮ್ಮ ಕೊಡ ಬಗ್ಗಿಸಿದಳು.

ನಾನು ದಿನಚರಿಯ ಹಿಂದಿನ ಪುಟಗಳಲ್ಲಿ ಆರು ಕಾಲಂ ಎಳೆದೆ. ಹಿತ್ತಲಿನ ಹುಲ್ಲು, ಜೋಳದ ಕಡ್ಡಿ, ಬೂಸಾ, ಹಿಂಡಿ, ನೀರು, ಹಸುವಿನ ಮೈಯ ಉಣ್ಣೆಹುಳುವಿಗೆ ಹಚ್ಚುವ ಔಷಧಿ. ಹಸುಗಳು ಏನೇನು ತಿನ್ನುತ್ತವೆ ಎಂದು ದೊಡ್ಡಮ್ಮನನ್ನು ಕೂರಿಸಿಕೊಂಡು ಮೂರು ಸಲ ಕೇಳಿ ಬರೆದುಕೊಂಡದ್ದು ಅದು. ಮೊದಲ ಅನುಮಾನ ಉಣ್ಣೆ ಔಷಧಿಯ ಮೇಲೆ. ಆದರೆ ಅದನ್ನು ಕೊನೆಯ ಸಲ ಹಚ್ಚಿದ್ದು ಆಗಸ್ಟಿನಲ್ಲಿ, ನನ್ನ ಪುಸ್ತಕದಲ್ಲೇ ಇತ್ತು. ಎರಡನೆಯದು ಜೋಳದ ಕಡ್ಡಿ. ಭಾನುವಾರ ಸ್ಕೂಟರಿನಲ್ಲಿ ಹೆಸರಘಟ್ಟಕ್ಕೆ ಹೋಗಿ ಕಡ್ಡಿ ಕೊಡುವ ರೈತರನ್ನು ಕೇಳಿದೆ. ಅವರಿಗೆ ಸಿಟ್ಟು ಬಂತು. ಪೈರು ಮೊಣಕಾಲಷ್ಟಿದ್ದಾಗ ಒಂದೇ ಸಲ ಔಷಧಿ ಹೊಡೆಯುತ್ತೇನೆ, ನನ್ನ ಹಸುಗಳೂ ಇದನ್ನೇ ತಿನ್ನುತ್ತವೆ ಎಂದು, ಒಂದು ಕಡ್ಡಿ ಸಿಗಿದು ಕಬ್ಬಿನಂತೆ ಜಗಿದು ತೋರಿಸಿದರು. ಆದರೂ ಒಂದು ವಾರ ಕಡ್ಡಿ ನಿಲ್ಲಿಸಿ ರಾಗಿ ಹುಲ್ಲು ಹಾಕಿದೆವು. ನವೆಂಬರ್ ಇಪ್ಪತ್ತೈದರಂದು ಗೆರೆ ಎದ್ದಿತು. ಡಿಸೆಂಬರ್ ಎರಡರಂದೂ ಎದ್ದಿತು. ಬೂಸಾ ಚೀಲ ಬದಲಾಯಿಸಿದೆವು.

ಡಿಸೆಂಬರ್ ಒಂಬತ್ತರಂದು ಗೆರೆ ಕುಗ್ಗಿತು. ಪೂರ್ತಿ ಹೋಗಿರಲಿಲ್ಲ, ಸಣ್ಣ ಉಬ್ಬಿನಷ್ಟು ಉಳಿದಿತ್ತು. ಬೂಸಾವೇ ಕಳ್ಳ ಎಂದು ನಾನು ಕೆಂಪು ಪೆನ್ನಿನಲ್ಲಿ ಬರೆದು ಎರಡು ಗೆರೆ ಎಳೆದೆ. ದೊಡ್ಡಮ್ಮ ಆ ಸಂಜೆ ಹಸುಗಳಿಗೆ ಬೆಲ್ಲ ತಿನ್ನಿಸಿದಳು. ಮುಂದಿನ ಮಂಗಳವಾರ, ಡಿಸೆಂಬರ್ ಹದಿನಾರರಂದು, ಅದೇ ಹೊಸ ಬೂಸಾ ತಿಂದ ಹಸುಗಳ ಹಾಲಿನ ಗೆರೆ ಹಿಂದೆಂದಿಗಿಂತ ಎತ್ತರಕ್ಕೆ ಹೋಯಿತು.

ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಒಂಬತ್ತನೇ ತಾರೀಖಿನ ಹಿಂದಿನ ವಾರಕ್ಕೂ ಹದಿನಾರರ ಹಿಂದಿನ ವಾರಕ್ಕೂ ಆರು ಕಾಲಮ್ಮಿನಲ್ಲಿ ಒಂದಕ್ಷರ ವ್ಯತ್ಯಾಸವಿರಲಿಲ್ಲ. ಮೇಡಂ ತಟ್ಟೆ ಹಿಡಿದುಕೊಂಡೇ ಹಿಂದೆ ಬಂದು ನಿಂತರು. ಇಷ್ಟೆಲ್ಲ ಬರೆದವಳು ಹಸುವಿನ ಪುಟಗಳನ್ನಷ್ಟೇ ಏಕೆ ನೋಡುತ್ತಿದ್ದೀಯ, ಆ ವಾರ ನೀನೇನು ಮಾಡಿದೆ ಅದನ್ನೂ ನೋಡು ಎಂದರು. ಕೊಟ್ಟಿಗೆಗೆ ದಿನಾ ಹೋಗುವವಳು ನಾನೂ ಒಬ್ಬಳು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಪುಸ್ತಕದ ಮುಂದಿನ ಭಾಗಕ್ಕೆ ಹೋದೆ. "ಡಿಸೆಂಬರ್ ಆರು, ಶನಿವಾರ. ಜ್ವರ. ಎಲ್ಲೂ ಹೋಗಲಿಲ್ಲ." ಅದರ ಹಿಂದಿನ ಶನಿವಾರ: "ಸಂಜೆ ದೇವಸ್ಥಾನ. ಬುಟ್ಟಿ ದೊಡ್ಡಮ್ಮನ ಮನೆಗೆ." ಅದರ ಹಿಂದಿನದೂ ಅದೇ. ಹದಿಮೂರನೇ ತಾರೀಖು, ಗೆರೆ ಎತ್ತರಕ್ಕೆ ಹೋದ ವಾರದ ಶನಿವಾರ: "ದೇವಸ್ಥಾನದಲ್ಲಿ ಯಾರದೋ ಹೂವಿನ ಅಲಂಕಾರದ ಸೇವೆ. ಎರಡು ಬುಟ್ಟಿ. ಸ್ಕೂಟರಿನಲ್ಲಿ ಕೂರಿಸಲು ಕಷ್ಟವಾಯಿತು."

ನಮ್ಮ ಓಣಿಯ ಕೊನೆಯ ದೇವಸ್ಥಾನದಲ್ಲಿ ಶನಿವಾರ ಸಂಜೆ ದೇವರ ಮೇಲಿನ ಹಳೆಯ ಹಾರಗಳನ್ನು ತೆಗೆದು ಹೊಸದನ್ನು ಹಾಕುತ್ತಾರೆ. ತೆಗೆದ ಹೂವನ್ನು ಯಾರೂ ತುಳಿಯಬಾರದು, ಕಸಕ್ಕೆ ಹಾಕಬಾರದು. ಅದಕ್ಕೆ ಅರ್ಚಕರು ಬುಟ್ಟಿಗೆ ತುಂಬಿ ದೊಡ್ಡಮ್ಮನ ಹಸುಗಳಿಗೆ ಕಳಿಸುತ್ತಾರೆ. ಮೊದಲು ಅಮ್ಮ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ನನಗೆ ಸ್ಕೂಟರ್ ಬಂದ ಮೇಲೆ ಅದು ನನ್ನ ಕೆಲಸ. ಗುಲಾಬಿ, ಸೇವಂತಿಗೆ, ಚೆಂಡುಹೂ. ಹಸುಗಳು ಬುಟ್ಟಿ ಕಂಡರೆ ಕತ್ತು ಚಾಚುತ್ತವೆ. ಭಾನುವಾರ ಬೆಳಿಗ್ಗೆ ಹೊತ್ತಿಗೆ ನಾರು ಮಾತ್ರ ಉಳಿದಿರುತ್ತದೆ.

ಅಂದು ಸಂಜೆ ಕೊಟ್ಟಿಗೆಗೆ ಹೋಗಿ, ಏನೇನು ತಿನ್ನುತ್ತವೆ ಎಂದು ಮೂರು ಸಲ ಕೇಳಿದೆನಲ್ಲ, ಹೂವಿನ ಮಾತನ್ನು ಯಾಕೆ ಎತ್ತಲಿಲ್ಲ ಎಂದು ದೊಡ್ಡಮ್ಮನನ್ನು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಅದು ಮೇವಾ? ಅದು ಪ್ರಸಾದ ಕಣೆ."

ನಾನು ಅವಳನ್ನು ದೂರುವಂತಿರಲಿಲ್ಲ. ಪ್ರತಿ ಶನಿವಾರ ಬುಟ್ಟಿ ಹೊತ್ತು ತಂದು, ಪ್ರತಿ ಶನಿವಾರ ಅದನ್ನು ಬರೆದಿಟ್ಟು, ಏಳನೇ ಕಾಲಂ ಎಳೆಯಲು ನನಗೂ ತೋಚಿರಲಿಲ್ಲ.

ಬುಧವಾರ ಅರ್ಚಕರಿಂದ ದೇವರ ಮೇಲಿನ ಎರಡು ಹಾರ ಕೇಳಿ ಪಡೆದೆ. ಗುರುವಾರ, ಹದಿನೆಂಟನೇ ತಾರೀಖು, ಮೇಡಂ ಹೂವಿನ ರಸವನ್ನು ಯಂತ್ರಕ್ಕೆ ಕೊಟ್ಟರು. ಗೆರೆ ಹಾಲಿನಲ್ಲಿ ಎದ್ದ ಜಾಗದಲ್ಲೇ ಎದ್ದಿತು. ಏಳುತ್ತಾ ಹೋಗಿ ಪರದೆಯ ಮೇಲಂಚಿಗೆ ತಾಗಿತು. ಲ್ಯಾಬಿನವರೆಲ್ಲ ಕೈಲಿದ್ದದ್ದನ್ನು ಬಿಟ್ಟು ಬಂದು ಸುತ್ತ ನಿಂತಿದ್ದರು. ಮೊದಲು ಚಪ್ಪಾಳೆ ತಟ್ಟಿದವನು ಸೊಟ್ಟ ಅಳತೆಗೋಲಿನ ಹುಡುಗನೇ. ಒಂದು ತಿಂಗಳು ನಮ್ಮನ್ನು ಆಡಿಸಿದ್ದು ಇದು ಎಂದು ನಾನು ಪರದೆಯನ್ನು ಬೆರಳಿನಿಂದ ಮುಟ್ಟಿದೆ. ಪರದೆ ಮುಟ್ಟಬಾರದೆಂದು ಬೈಯುವ ಮೇಡಂ ಅಂದು ಬೈಯಲಿಲ್ಲ. ತಿನ್ನುವ ಬೆಳೆಗಾದರೆ ಔಷಧಿ ಹೊಡೆದ ಮೇಲೆ ಇಷ್ಟು ದಿನ ಕಾದು ಕೊಯ್ಯಬೇಕೆಂದು ಇದೆ, ಹೂವನ್ನು ಯಾರೂ ತಿನ್ನುವುದಿಲ್ಲವಲ್ಲ, ಇಂದು ಹೊಡೆದು ನಾಳೆ ಕೊಯ್ದರೂ ಕೇಳುವವರಿಲ್ಲ ಎಂದರು. ನನಗೆ ಹಸುಗಳ ಚಾಚಿದ ಕತ್ತು ನೆನಪಾಯಿತು.

ದೇವಸ್ಥಾನಕ್ಕೆ ಹೇಳಲು ದೊಡ್ಡಮ್ಮನೇ ಬಂದಳು. ಅರ್ಚಕರು ಕೇಳಿ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಇಷ್ಟು ವರ್ಷ ತಾನೇ ಕೈಯಾರೆ ಹಸುವಿಗೆ ವಿಷ ಕಳಿಸಿದೆನಲ್ಲ ಎಂದು ಅವರ ಕೊರಗು. ದೊಡ್ಡಮ್ಮ ಸಮಾಧಾನ ಮಾಡಿದ ರೀತಿ ಅವಳದೇ.

"ನಿಮ್ದೇನೈತೆ ಬಿಡಿ ಸ್ವಾಮಿ. ನೀವು ಕೊಟ್ರಿ, ಊವ ಹೊತ್ಕೊಂಡು ಬಂದೋಳು ಇವ್ಳು. ಅದ್ರಲ್ಲೂ ಬರ್ದಿಟ್ಕೊಂಡವ್ಳೆ, ಇಷ್ಟೊತ್ತಿಗೆ ತಂದೆ ಅಂತ."

ಅರ್ಚಕರು ನಕ್ಕರು. ಆದರೆ ಹೂವನ್ನು ತುಳಿಯುವಂತಿಲ್ಲ, ಎಲ್ಲಿಡುವುದು ಎಂಬುದು ಉಳಿಯಿತು. ಕೊನೆಗೆ ದೇವಸ್ಥಾನದ ಹಿಂದಿನ ಪಾರಿಜಾತದ ಬುಡದಲ್ಲಿ ಗುಂಡಿ ತೋಡಿ, ಹೂವನ್ನೆಲ್ಲ ಅದಕ್ಕೆ ಹಾಕಿ ಮಣ್ಣು ಮುಚ್ಚುವುದೆಂದಾಯಿತು. ಹಸುವಿಗೆ ಏನೂ ಕಳಿಸದೆ ನನಗೆ ಶನಿವಾರ ಆಗುವುದಿಲ್ಲ ಎಂದು ಅರ್ಚಕರು ಹಟ ಹಿಡಿದರು. ತಮ್ಮ ಹಿತ್ತಲಿನ ಅಗಸೆ ಮರದ ಸೊಪ್ಪು ಕಳಿಸುತ್ತೇನೆ, ಅದಕ್ಕೆ ನೀರು ಬಿಟ್ಟು ಬೇರೇನೂ ಬಿದ್ದಿಲ್ಲ ಎಂದರು. ಅದರ ಒಂದು ಹಿಡಿಯನ್ನೂ ನಾನು ಲ್ಯಾಬಿಗೆ ಒಯ್ದೆ. ಅದರ ಗೆರೆ ನೆಟ್ಟಗಿತ್ತು. ಮುಂದಿನ ಶನಿವಾರದಿಂದ ಅದೇ ಬುಟ್ಟಿಯಲ್ಲಿ ಸೊಪ್ಪು ಬಂತು. ಅಪಾರ್ಟ್‌ಮೆಂಟಿನವರು ಪೂಜೆಯ ಹೂವನ್ನು ಕವರಿನಲ್ಲಿ ತಂದು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದರು. ಅವರಿಗಾಗಿ ಒಂದು ಹಲಗೆ ಬರೆದು ಕಟ್ಟಿದೆ: "ಹಸುಗಳಿಗೆ ಹೂವು ಕೊಡಬೇಡಿ. ಇವುಗಳ ಹಾಲನ್ನು ಮಕ್ಕಳು ಕುಡಿಯುತ್ತಾರೆ."

ಆ ಎರಡನೇ ಸಾಲನ್ನು ಬರೆಯುವಾಗ ಮಕ್ಕಳು ಇನ್ನೂ ಕುಡಿಯುತ್ತಿರಲಿಲ್ಲ. ಡಿಸೆಂಬರ್ ಇಪ್ಪತ್ಮೂರರಂದು ಗೆರೆಯಲ್ಲಿ ಗುರುತು ಹಿಡಿಯಲಾರದಷ್ಟು ಏರು ಉಳಿದಿತ್ತು. ಮೂವತ್ತರಂದು ಅದೂ ಇರಲಿಲ್ಲ. ಮೂರು ವಾರ ಸತತವಾಗಿ ನೆಟ್ಟಗಿದ್ದರೆ ಮಾತ್ರ ನಂಬುತ್ತೇನೆ ಎಂದು ಮೇಡಂ ಮೊದಲೇ ಹೇಳಿದ್ದರು. ಜನವರಿ ಆರರಂದು ನೆಟ್ಟಗಿತ್ತು. ಎಂಟನೆಯ ಮಂಗಳವಾರ, ಜನವರಿ ಹದಿಮೂರರಂದು ನಾನು ಯಂತ್ರದ ಮುಂದೆ ಕೂರಲಿಲ್ಲ, ಬೇರೆ ಕೋಣೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಮೇಡಂ ತಾವೇ ಕಾಗದ ತೆಗೆದುಕೊಂಡು ಬಂದು ಚೀಟಿಗಳ ಮೇಲೆ ಇಟ್ಟರು. ಸ್ಕೇಲು ಇಟ್ಟು ಎಳೆದಂಥ ಗೆರೆ.

ಮರುದಿನ ಬೆಳಿಗ್ಗೆ ಐದೂವರೆಗೆ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಹಾಲು ಕರೆಯಲು ಕುಳಿತಿದ್ದಳು. ಹಬ್ಬ ನಾಳೆ ಅಲ್ಲವೇ ಎಂದರೆ, ನನಗೆ ಇವತ್ತೇ ಎಂದಳು. ಮೊದಲ ಲೋಟವನ್ನು ಕಾಯಿಸದೆ ಅಲ್ಲೇ ನಿಂತು ತಾನೇ ಕುಡಿದಳು. ನಾನು ಕಾಗದದ ಹದಿನಾಲ್ಕು ಪ್ರತಿ ಮಾಡಿಸಿದ್ದೆ, ಒಂದು ಕಡೆ ನವೆಂಬರಿನ ಎದ್ದ ಗೆರೆ, ಒಂದು ಕಡೆ ಈಗಿನ ನೆಟ್ಟಗಿನ ಗೆರೆ. ಕೆಟ್ಟ ಗೆರೆಯನ್ನೂ ಯಾಕೆ ತೋರಿಸುತ್ತೀಯ ಎಂದು ಅಮ್ಮ ಕೇಳಿದ್ದಳು. ದೊಡ್ಡಮ್ಮನೇ ಎರಡೂ ಇರಲಿ ಎಂದಿದ್ದಳು.

ಈ ಸಲ ಮೊದಲು ಏಳನೇ ಮನೆಗೆ ಹೋದೆವು. ಮಗುವಿನ ತಾಯಿ ಕಾಗದವನ್ನು ಓದಿದರು. ನಾನು ಗೆರೆಗಳನ್ನು ವಿವರಿಸಲು ಬಾಯಿ ತೆರೆದೆ, ಅವರು ಬೇಡವೆಂದು ಕೈ ಮಾಡಿದರು. ಒಳಗೆ ಹೋಗಿ ಪಾತ್ರೆ ತಂದರು. ಅವರ ಹಿಂದೆಯೇ ಆ ಪುಟ್ಟ ಹುಡುಗಿ ಬಂದು, ಕ್ಯಾನಿನೊಳಗೆ ಇಣುಕಿ, ಹಸು ಎಲ್ಲಿ ಎಂದು ಕೇಳಿದಳು.

"ಅಜ್ಜಿ, ಇನ್ನೊಂದ್ ಅರ್ಧ ಲೀಟರ್ ಜಾಸ್ತಿ ಹಾಕಿ" ಎಂದರು ತಾಯಿ. "ಹೆಪ್ಪು ಹಾಕ್ಬೇಕು. ನೀವು ಬರೋಗಂಟ ಮನೇಲಿ ಮೊಸರೇ ಮಾಡಿಲ್ಲ."

ದೊಡ್ಡಮ್ಮ ಅಳತೆಯ ಲೋಟ ತುಂಬಿ ಹರಿಯುವಂತೆ ಹಾಕಿದಳು. ಮೆಟ್ಟಿಲಲ್ಲಿ ಇಳಿಯುವಾಗ ಈ ಸಲ ಎಲ್ಲೂ ನಿಲ್ಲಲಿಲ್ಲ. ಆ ದಿನದ ಪುಟದಲ್ಲಿ ಹನ್ನೊಂದು ಗುರುತು ಇವೆ. ಭಾನುವಾರದ ಹೊತ್ತಿಗೆ ಹದಿನಾಲ್ಕಾದವು. ಅನುಮಾನದಿಂದ ನೋಡಿದ್ದ ಇಬ್ಬರೂ ಬಂದರು. ತೆಂಗಿನ ಬುಡದಿಂದ ನಾಯಿಗಳು ಬೇಸರದಿಂದ ಬಿಡಾರ ಎತ್ತಿದವು.

ಸಂಕ್ರಾಂತಿ ಕಳೆದು ಲ್ಯಾಬಿಗೆ ಹೋದಾಗ ಎಳ್ಳು ಬೆಲ್ಲ ಹಂಚಿದೆ. ಮೇಡಂ ತಮ್ಮ ಪಾಲನ್ನು ಬಾಯಿಗೆ ಹಾಕಿಕೊಂಡು, ಒಂದು ಖಾಲಿ ಗಾಜಿನ ಬಾಟಲಿಯನ್ನು ನನ್ನ ಮುಂದೆ ಇಟ್ಟರು.

"ಇನ್ಮೇಲೆ ಪ್ರತಿ ಮಂಗಳವಾರ ಅರ್ಧ ಲೀಟರ್ ತಗೊಂಡ್ಬಾ. ಬ್ಲ್ಯಾಂಕ್‌ಗೆ."

ಪಕ್ಕದ ಮೇಜಿನ ಹುಡುಗ ಎದ್ದು ನಿಂತು ಬಾಟಲಿಗೆ ಕೈ ಮುಗಿದ.

ಸಂಜೆ ಕೊಟ್ಟಿಗೆಯಲ್ಲಿ ದೊಡ್ಡಮ್ಮನಿಗೆ ಇದನ್ನು ಬಿಡಿಸಿ ಹೇಳಿದೆ. ಇನ್ನು ಮುಂದೆ ನಮ್ಮಲ್ಲಿಗೆ ಬರುವ ಹಾಲನ್ನೆಲ್ಲ ನಿನ್ನ ಹಾಲಿನ ಪಕ್ಕದಲ್ಲಿಟ್ಟು ನೋಡುತ್ತೇವೆ ಎಂದೆ. ಅವಳು ಹಸುವಿನ ಬೆನ್ನು ಉಜ್ಜುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಹೊರಟೆ.

"ಕೇಳಿಸ್ತು ಕಣೆ" ಎಂದಳು. "ಬಾಟ್ಲಿ ಇಲ್ಲಿ ಕೊಡು. ಅವರು ಎಂಗೆ ತೊಳ್ದವ್ರೋ ಏನೋ, ನಾನೇ ಇನ್ನೊಂದ್ ಸಲ ತೊಳೀತೀನಿ."

ನಾನು ದಿನಚರಿ ತೆಗೆದು ಮನೆಗಳ ಪಟ್ಟಿಯ ಕೆಳಗೆ ಬರೆದೆ: "೧೫. ಲ್ಯಾಬ್. ಮಂಗಳವಾರ, ಅರ್ಧ ಲೀಟರ್."